ಎಲ್ಲರ ಹಾಗೆ ಕಾಣೋದಕ್ಕೇ ಶಕ್ತಿಯೆಲ್ಲ ಖರ್ಚಾದರೆ ಬದುಕೋದು ಯಾವಾಗ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಊರು ಮೂಡಿಗೆರೆ ಹತ್ತಿರದ ಹಳ್ಳಿ. ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ನಿದ್ದೆ ಬರುವುದಿಲ್ಲ, ಎದೆ ಢವಢವ ಅನ್ನುತ್ತೆ ಅಂತ ಹೋದ ವರ್ಷ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಮೂರ್ನಾಲ್ಕು ಸಲ ಕರೆಸಿ, ಅಮ್ಮನನ್ನೂ ವಿಚಾರಿಸಿ, 'ನಿಮಗೆ ಆಟಿಸಂ ಇದೆ, ಮೈಲ್ಡ್' ಅಂದರು. ಯಾರಿಗೂ ಹೇಳಬೇಡ ಅಂತಾಳೆ ಅಮ್ಮ. ಚಿಕ್ಕವಳಿದ್ದಾಗಿನಿಂದ ಎಲ್ಲರೂ ನನ್ನನ್ನು ಜಂಬದವಳು, ಸಿಡುಕಿ ಅಂತಲೇ ಅನ್ನೋದು. ಹೋದ ತಿಂಗಳು ಆಫೀಸಿನ ಅಕ್ಕ ಒಬ್ಬರು 'ಒಂದಿನ ಮನೆಗೆ ಬಾರೆ' ಅಂದರು. ಭಾನುವಾರ ಹೋದೆ. ಅವರು ಬಾಗಿಲಲ್ಲೇ 'ಏನೇ, ಏನಾಯ್ತು?' ಅಂತ ಗಾಬರಿಯಾದರು. ಚಿಕ್ಕಪ್ಪನ ಮಗಳ ಮದುವೆಗೆ ಹೋಗಿ ಬಂದು ಎರಡು ದಿನ ನನಗೆ ಮಾತೇ ಹೊರಡಲಿಲ್ಲ. ಮನೆಯವರು ಸಿಟ್ಟು ಅಂದುಕೊಂಡರು. ಮಾರ್ಚ್ ತಿಂಗಳಿನ ಸಾಲ ಕಟ್ಟುವವರ ಗಲಾಟೆ ನೆನೆದರೇ ಹೊಟ್ಟೆ ತೊಳೆಸುತ್ತೆ. ಇದರ ಮಧ್ಯೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಇದು ವಾಸಿಯಾಗುತ್ತಾ? ಇಲ್ಲದಿದ್ದರೆ ಧೈರ್ಯವಾಗಿ ಬದುಕೋದು ಹೇಗೆ? ಪಕ್ಕದ ಮನೆಯ ಐದು ವರ್ಷದ ಹುಡುಗನಿಗೆ ಇನ್ನೂ ಮಾತು ಬಂದಿಲ್ಲ. ಅವನಿಗೂ ಆಟಿಸಂ ಅಂತೆ. ಅವನಿಗೂ ನನಗೂ ಒಂದೇ ಹೆಸರು ಹೇಗೆ?

ಉತ್ತರ: ಆ ಭಾನುವಾರದಿಂದಲೇ ಶುರು ಮಾಡುತ್ತೇನೆ. ಆ ಮನೆಯ ಬಾಗಿಲಲ್ಲಿ ನಿಂತಾಗ ನೀವು ಯಾವ ತಪ್ಪೂ ಮಾಡಿರಲಿಲ್ಲ. ಕರೆದರು, ಹೋದಿರಿ. ನಮ್ಮ ಕಡೆ ಮಾತಿಗೆ ಇರುವ ಅರ್ಥ ಒಂದು, ಆಡುವ ಕಾರಣ ಇನ್ನೊಂದು. 'ಊಟ ಆಯ್ತಾ' ಅಂದರೆ ನಿಮ್ಮ ಊಟದ ವಿಚಾರ ಅಲ್ಲ, 'ನಿಮ್ಮನ್ನು ಕಂಡೆ' ಅಂತ. 'ನೋಡೋಣ' ಅಂದರೆ ಎಷ್ಟೋ ಸಲ ಆಗಲ್ಲ ಅಂತ. 'ಒಂದಿನ ಬನ್ನಿ' ಅಂದರೆ ನಿಮ್ಮ ಮೇಲೆ ಪ್ರೀತಿ ಇದೆ ಅಂತ, ಅಷ್ಟೇ. ಉಳಿದವರು ಇದನ್ನು ಯಾರೂ ಹೇಳಿಕೊಡದೆ ಕಲಿತುಬಿಟ್ಟಿರುತ್ತಾರೆ. ನೀವು ಒಂದೊಂದನ್ನೂ ಇಂಗ್ಲಿಷ್ ಪದ ಕಲಿತ ಹಾಗೆ ಕಲಿಯಬೇಕಾಗಿದೆ. ಇನ್ನು ಮುಂದೆ ಯಾರಾದರೂ ಹಾಗೆ ಕರೆದರೆ 'ಯಾವತ್ತು ಬರಲಿ ಅಕ್ಕಾ?' ಅಂತ ನಗುತ್ತಾ ಕೇಳಿಬಿಡಿ. ದಿನ ಹೇಳಿದರೆ ಅದು ಕರೆ. ಹೇಳದಿದ್ದರೆ ಬರೀ ಪ್ರೀತಿ. ಎರಡೂ ಒಳ್ಳೆಯದೇ.

ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಒಬ್ಬ ಸಮಾಜಶಾಸ್ತ್ರಜ್ಞರಿದ್ದಾರೆ. ಸ್ವತಃ ಆಟಿಸಂ ಇರುವವರು. ಅವರು 2012ರಲ್ಲಿ ಒಂದು ಮಾತು ಮುಂದಿಟ್ಟರು. ಆಟಿಸಂ ಇರುವವರಿಗೆ ಬೇರೆಯವರು ಅರ್ಥವಾಗುವುದು ಎಷ್ಟು ಕಷ್ಟವೋ, ಬೇರೆಯವರಿಗೆ ಅವರು ಅರ್ಥವಾಗುವುದೂ ಅಷ್ಟೇ ಕಷ್ಟ ಅಂತ. ಅಂದರೆ ತೊಡಕು ಇರುವುದು ಇಬ್ಬರ ನಡುವೆ, ಒಬ್ಬರ ತಲೆಯೊಳಗಲ್ಲ. ನಿಮ್ಮ ಮನೆಯನ್ನೇ ನೋಡಿ. ಎರಡು ದಿನ ನಿಮಗೆ ಮಾತು ಹೊರಡದಿದ್ದಾಗ ಅದನ್ನು ಸಿಟ್ಟು ಅಂತ ಓದಿದ್ದು ಮನೆಯವರು. ತಪ್ಪಾಗಿ ಓದಿದ್ದು ಅವರು, ಬೈಸಿಕೊಂಡಿದ್ದು ನೀವು ಅಲ್ವಾ?

ಈಗ ಹೆಸರಿನ ವಿಚಾರ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳ ಬಗ್ಗೆ ಬರೆದರು. ಅವರಲ್ಲಿ 8 ಗಂಡು, 3 ಹೆಣ್ಣು. ಆಮೇಲೆ ಎಷ್ಟೋ ವರ್ಷ ಆಟಿಸಂ ಅಂದರೆ ಗಂಡುಮಕ್ಕಳದ್ದು, ಮಾತು ಬರದವರದ್ದು ಅಂತಲೇ ಡಾಕ್ಟರುಗಳೂ ನೋಡಿದರು. ನಿಮ್ಮಂಥ ಹೆಣ್ಣುಮಕ್ಕಳು ಕಣ್ಣಿಗೆ ಬೀಳಲಿಲ್ಲ. ಯಾಕೆಂದರೆ ನೀವು ಪಕ್ಕದ ಹುಡುಗಿಯನ್ನು ನೋಡಿ ನಗುವುದು, ತಲೆಯಾಡಿಸುವುದು, ಸುಮ್ಮನಿರುವುದು ಎಲ್ಲವನ್ನೂ ನಕಲು ಮಾಡಿ ಕಲಿತಿರಿ. ಹೆಣ್ಣುಮಗು ಸುಮ್ಮನಿದ್ದರೆ ನಮ್ಮಲ್ಲಿ ಒಳ್ಳೆಯ ಹುಡುಗಿ ಅಂತಾರೆಯೇ ಹೊರತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. 2013ರಲ್ಲಿ ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಬದಲಾಯಿತು. ಬೇರೆ ಬೇರೆ ಹೆಸರುಗಳೆಲ್ಲ ಹೋಗಿ 'ಆಟಿಸಂ ಸ್ಪೆಕ್ಟ್ರಂ' ಅಂತ ಒಂದೇ ಹೆಸರು ಬಂತು. ಶಬ್ದ, ಬೆಳಕು, ವಾಸನೆ, ಬಟ್ಟೆಯ ಸ್ಪರ್ಶ ಜಾಸ್ತಿ ಚುಚ್ಚುವುದು, ಇಲ್ಲವೇ ಗೊತ್ತೇ ಆಗದಿರುವುದು, ಅದರ ಲಕ್ಷಣ ಅಂತ ಆಗಲೇ ಸೇರಿಸಿದರು. ಕೌಂಟರಿನ ಮುಂದಿನ ಗದ್ದಲಕ್ಕೆ ನಿಮ್ಮ ಹೊಟ್ಟೆ ತೊಳೆಸುವುದು ಸೋಗಲ್ಲ, ಸೊಕ್ಕಲ್ಲ.

ಪಕ್ಕದ ಮನೆಯ ಹುಡುಗನಿಗೂ ನಿಮಗೂ ಒಂದೇ ಹೆಸರು ಇರುವುದು ಇದಕ್ಕೇ. ಬೇರು ಒಂದೇ, ಬೇಕಾದ ಆಸರೆ ಬೇರೆ ಬೇರೆ. ನಿಮ್ಮ ಕಾಗದದಲ್ಲಿರುವ 'ಮೈಲ್ಡ್' ಪದದ ಬಗ್ಗೆಯೂ ಒಂದು ಮಾತು. ಅದು ಬೇರೆಯವರಿಗೆ ಕಾಣುವುದರ ಅಳತೆ. ನಿಮಗೆ ಒಳಗೆ ಆಗುವುದರ ಅಳತೆಯಲ್ಲ. 'ಮೈಲ್ಡ್ ತಾನೇ, ಸ್ವಲ್ಪ ಹೊಂದಿಕೊಂಡು ಹೋಗು' ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ನೀವು ಹುಟ್ಟಿದ್ದೇ ಹೀಗೆ. ಮಿದುಳು ಬೆಳೆದ ರೀತಿಯೇ ಹೀಗೆ. ಅದರಲ್ಲಿ ವಂಶವಾಹಿಗಳ ಪಾಲೇ ದೊಡ್ಡದು. ಇದಕ್ಕೆ ಇಂಜೆಕ್ಷನ್ ಇದೆ, ಸ್ಟೆಮ್ ಸೆಲ್ ಇದೆ ಅಂತ ಲಕ್ಷಗಟ್ಟಲೆ ಕೇಳುವವರು ಸಿಗುತ್ತಾರೆ. ದಯವಿಟ್ಟು ಹೋಗಬೇಡಿ. ತೋಟ ಅಡವಿಟ್ಟು ಬಂದ ಅಪ್ಪ ಅಮ್ಮಂದಿರನ್ನು ನನ್ನ ಎದುರಿನ ಕುರ್ಚಿಯಲ್ಲಿ ನೋಡಿದ್ದೇನೆ. ಆದರೆ ನಿಮ್ಮನ್ನು ಡಾಕ್ಟರ ಹತ್ತಿರ ಕರೆದೊಯ್ದ ನಿದ್ದೆಗೇಡು ಮತ್ತು ಎದೆ ಢವಢವ ಇದೆಯಲ್ಲ, ಅದು ಆಟಿಸಂ ಅಲ್ಲ. ಹೆಚ್ಚಾಗಿ ಅದು ಆತಂಕ. ಆಟಿಸಂ ಇರುವವರಲ್ಲಿ ತುಂಬಾ ಸಾಮಾನ್ಯ. ಅದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿಯೇ ಕಡಿಮೆಯಾಗುತ್ತದೆ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಅವರನ್ನು ಕೇಳದೆ ಬಿಡಬೇಡಿ. ಒಂದುವೇಳೆ ಮನಸ್ಸು ತೀರಾ ಕುಸಿದು, ಬದುಕೇ ಬೇಡ ಅನ್ನುವ ಯೋಚನೆ ಬಂದರೆ, ರಾತ್ರಿ ಎರಡು ಗಂಟೆಯಾದರೂ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ.

ಧೈರ್ಯದ ವಿಚಾರಕ್ಕೆ ಬರುತ್ತೇನೆ. ಇದನ್ನು ನನಗೆ ಕಲಿಸಿದ್ದು ಒಬ್ಬ ಹುಡುಗ. ಹಾಸನದಲ್ಲಿ ಕೆಲಸ ಶುರು ಮಾಡಿದ ಹೊಸತು. ಆಗ ನಾವೆಲ್ಲ ಆಟಿಸಂ ಇರುವ ಮಕ್ಕಳಿಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕಲಿಸುತ್ತಿದ್ದೆವು. ನೋಡಿದರೆ ಚಾಕೊಲೇಟು, ನೋಡದಿದ್ದರೆ ಇಲ್ಲ. ಒಂಬತ್ತು ವರ್ಷದ ಒಬ್ಬ ಹುಡುಗ ಎರಡು ತಿಂಗಳಲ್ಲಿ ಚೆನ್ನಾಗಿ ಕಲಿತ. ನನಗೆ ಖುಷಿಯೋ ಖುಷಿ. ಒಂದು ದಿನ ಅವನಿಗೆ ಏನೋ ಕೇಳಿದೆ. ಅವನು ನನ್ನ ಕಣ್ಣನ್ನೇ ನೋಡುತ್ತಾ ಕೂತ, ಉತ್ತರ ಕೊಡಲಿಲ್ಲ. ಮತ್ತೆ ಕೇಳಿದೆ. ಆಗ ಹೇಳಿದ: 'ಮೇಡಂ, ಕಣ್ಣು ನೋಡ್ತಿದ್ರೆ ನೀವು ಹೇಳಿದ್ದು ಕೇಳ್ಸಲ್ಲ. ಯಾವ್ದು ಮಾಡ್ಲಿ?' ಎರಡು ತಿಂಗಳು ನಾನು ಆ ಮಗುವಿಗೆ ಕಲಿಸಿದ್ದು, ಕೇಳಿಸಿಕೊಳ್ಳುವುದನ್ನು ಬಿಟ್ಟು ಕೇಳಿಸಿಕೊಂಡ ಹಾಗೆ ಕಾಣುವುದನ್ನು. ಅದಕ್ಕೆ ಇವತ್ತಿಗೂ ನನಗೆ ನೋವಿದೆ. ಅವತ್ತಿನಿಂದ ಆ ಪಾಠ ಬಿಟ್ಟೆ.

ನೀವು ಅದನ್ನೇ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೀರಿ, ಯಾರೂ ಚಾಕೊಲೇಟು ಕೊಡದೆ. ಎಲ್ಲರ ಹಾಗೆ ಕಾಣುವ ಕೆಲಸಕ್ಕೆ ಬೆಳಗ್ಗಿನಿಂದ ಸಂಜೆವರೆಗೆ ಶಕ್ತಿ ಸುರಿದು, ಮನೆಗೆ ಬರುವಷ್ಟರಲ್ಲಿ ಬರಿದಾಗಿರುತ್ತೀರಿ. ಆ ಬರಿದಾದ ಹೊತ್ತನ್ನೇ ನೋಡಿಕೊಂಡು 'ನನ್ನ ಕೈಲಿ ಏನೂ ಆಗಲ್ಲ' ಅಂದುಕೊಳ್ಳುತ್ತೀರಿ. ನಟನೆ ಎಷ್ಟು ಚೆನ್ನಾದರೂ ಅದರಿಂದ ಧೈರ್ಯ ಬರುವುದಿಲ್ಲ. ಯಾಕೆಂದರೆ ಯಾರು ಹೊಗಳಿದರೂ ಅದು ನಟಿಸಿದವಳಿಗೆ ಸಿಕ್ಕ ಹೊಗಳಿಕೆ, ನಿಮಗೆ ಸಿಕ್ಕಿದ್ದಲ್ಲ. ನಾನು ನೋಡಿರುವ ಮಟ್ಟಿಗೆ ಧೈರ್ಯ ಬರುವುದು ತನ್ನ ಮೈ ಮನಸ್ಸಿನ ಲೆಕ್ಕ ತನಗೆ ಗೊತ್ತಾದಾಗ. ಆ ಲೆಕ್ಕಕ್ಕೆ ತಕ್ಕ ಹಾಗೆ ದಿನವನ್ನು ಜೋಡಿಸಿಕೊಂಡಾಗ.

ನೀವು ಲೆಕ್ಕ ಬರೆಯುವವರು. ಅದಕ್ಕೇ ಹೇಳುತ್ತೇನೆ, ಒಂದು ಜಮಾ ಖರ್ಚಿನ ಪುಸ್ತಕ ಇಡಿ. ಎರಡು ವಾರ ಸಾಕು. ದಿನಾ ರಾತ್ರಿ ಖರ್ಚಿನ ಕಡೆ ನಿಮ್ಮನ್ನು ಸುಸ್ತು ಮಾಡಿದ್ದನ್ನು ಬರೆಯಿರಿ, ಒಂದರಿಂದ ಹತ್ತರವರೆಗೆ ಅಂಕ ಹಾಕಿ. ಜಮಾ ಕಡೆ ನಿಮಗೆ ಜೀವ ತುಂಬಿದ್ದನ್ನು ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ನಿಮಗೇ ಆಶ್ಚರ್ಯವಾಗುತ್ತದೆ. ದೊಡ್ಡ ಖರ್ಚು ಅಂತ ನೀವು ಅಂದುಕೊಂಡದ್ದು ದೊಡ್ಡದಾಗಿರುವುದಿಲ್ಲ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಬೆಳಗ್ಗೆ ಬಸ್ಸಿನಲ್ಲಿ ನಿಂತು ಬರುವ ಮುಕ್ಕಾಲು ಗಂಟೆ. ಅವಳು ಅದಕ್ಕಿಂತ ಮುಂಚಿನ ಬಸ್ಸಿಗೆ ಬರಲು ಶುರು ಮಾಡಿದಳು. ಕಿಟಕಿ ಪಕ್ಕ ಸೀಟು ಸಿಗುತ್ತೆ, ಆಫೀಸು ತೆರೆಯುವ ಮುಂಚೆ ಅರ್ಧ ಗಂಟೆ ಒಬ್ಬಳೇ ಇರಬಹುದು. ಬೇರೇನೂ ಮಾಡಲಿಲ್ಲ. ತಿಂಗಳಲ್ಲಿ ಅವಳ ಮುಖವೇ ಬದಲಾಗಿತ್ತು.

ಜೊತೆಗೆ ಇನ್ನೊಂದು ಗಮನಿಸಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯ ಯುಪಿಎಸ್ ಒಮ್ಮೆಲೇ ಆರುವುದಿಲ್ಲ, ಮೊದಲು ಕುಂಯ್ ಕುಂಯ್ ಅನ್ನುತ್ತೆ. ನಿಮ್ಮ ಮೈಯೂ ಹಾಗೇ ಮುಂಚಿತವಾಗಿ ಹೇಳುತ್ತಿರುತ್ತದೆ. ಕೆಲವರಿಗೆ ದವಡೆ ಬಿಗಿಯುತ್ತೆ. ಕೆಲವರಿಗೆ ಎದುರಿನವರ ಮಾತು ನೀರೊಳಗಿಂದ ಬಂದ ಹಾಗೆ ಕೇಳಿಸುತ್ತೆ. ಇನ್ನು ಕೆಲವರಿಗೆ ಬಟ್ಟೆಯ ಹೊಲಿಗೆ ಚುಚ್ಚಲು ಶುರುವಾಗುತ್ತೆ. ಹಸಿವು, ಬಾಯಾರಿಕೆ, ಬಾತ್‌ರೂಮಿಗೆ ಹೋಗಬೇಕಾದ್ದು ಕೂಡ ಗೊತ್ತಾಗದೆ ಹೋಗುವುದು ಆಟಿಸಂನಲ್ಲಿ ಸಾಮಾನ್ಯ. ಅದಕ್ಕೇ ಗಡಿಯಾರ ನೋಡಿ ನೀರು ಕುಡಿಯಿರಿ, ಗಡಿಯಾರ ನೋಡಿ ಊಟ ಮಾಡಿ. ನಿಮ್ಮ ಮೊದಲ ಸೂಚನೆ ಯಾವುದು ಅಂತ ಕಂಡುಹಿಡಿದುಕೊಂಡರೆ, ಆಗಲೇ ಎದ್ದು ಹತ್ತು ನಿಮಿಷ ಹೊರಗೆ ಹೋಗಿ ಬರಬಹುದು. ಮಾತು ನಿಲ್ಲುವವರೆಗೆ ಕಾಯುವುದು ಬೇಡ. ಹಾಗೂ ಮಾತು ನಿಂತರೆ ಬಲವಂತವಾಗಿ ಆಡಬೇಡಿ. 'ಸಿಟ್ಟಿಲ್ಲ, ಸುಸ್ತು. ನಾಳೆ ಮಾತಾಡ್ತೀನಿ' ಅಂತ ಒಂದು ಚೀಟಿ ಬರೆದು ಅಡುಗೆಮನೆಯ ಡಬ್ಬದ ಮೇಲೆ ಅಂಟಿಸಿಡಿ. ಬೇಕಾದಾಗ ಅದನ್ನು ತೋರಿಸಿದರೆ ಆಯಿತು.

ಮದುವೆ ಮನೆಗೆ ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಮಲೆನಾಡಿನಲ್ಲಿ ನೆಂಟರ ಮದುವೆಗೆ ಹೋಗದಿದ್ದರೆ ಅದರ ಮಾತು ಹತ್ತು ವರ್ಷ ಕೇಳಬೇಕು. ಆದರೆ ಹೋಗುವ ರೀತಿ ಬದಲಿಸಬಹುದು. ಧಾರೆ ಹೊತ್ತಿಗೆ ಹೋಗಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಬನ್ನಿ. ವಾಲಗದವರು, ಸ್ಪೀಕರು ಇರುವ ಮೂಲೆ ಬಿಟ್ಟು ಕೂರಿ. ಎಲ್ಲಕ್ಕಿಂತ ಒಳ್ಳೆಯದು, ಒಂದು ಕೆಲಸ ಕೇಳಿ ತೆಗೆದುಕೊಳ್ಳಿ. ಬೇಲೂರು ಕಡೆಯ ಒಬ್ಬ ಹೆಣ್ಣುಮಗಳು ನೆಂಟರ ಮದುವೆಗಳಲ್ಲೆಲ್ಲ ಮುಯ್ಯಿ ಬರೆಯಲು ಕೂರುತ್ತಾಳೆ. ಎದುರಿಗೆ ಮೇಜು, ಕೈಯಲ್ಲಿ ಪುಸ್ತಕ. ಬಂದವರು ಹೆಸರು ಹೇಳುತ್ತಾರೆ, ಊರು ಹೇಳುತ್ತಾರೆ, ಕವರು ಕೊಡುತ್ತಾರೆ, ಮುಂದೆ ಹೋಗುತ್ತಾರೆ. ಪ್ರತಿಯೊಬ್ಬರ ಜೊತೆ ಅರ್ಧ ನಿಮಿಷ, ಏನು ಮಾತಾಡಬೇಕು ಅಂತ ಮೊದಲೇ ಗೊತ್ತು. ಒಂದು ರೂಪಾಯಿ ಹೆಚ್ಚುಕಮ್ಮಿ ಆಗುವುದಿಲ್ಲ. ಈಗ ಅವರ ಕುಟುಂಬದಲ್ಲಿ ಮದುವೆ ಗೊತ್ತಾದರೆ ಛತ್ರದ ಜೊತೆಗೇ ಅವಳನ್ನೂ ಕೇಳಿ ಇಡುತ್ತಾರೆ. ಮೊದಲು ಅವಳನ್ನೂ ಜಂಬದವಳು ಅಂತಲೇ ಅನ್ನುತ್ತಿದ್ದರು.

ನಿಮ್ಮ ಪತ್ರವನ್ನು ಓದುವಾಗ ಒಂದು ವಿಷಯ ಚುಚ್ಚಿತು. ಬೇರೆಯವರು ನಿಮ್ಮ ಬಗ್ಗೆ ಏನೇನು ಅಂದರು ಅಂತ ಇಷ್ಟು ಬರೆದಿದ್ದೀರಿ. ನಿಮಗೆ ಏನು ಇಷ್ಟ ಅಂತ ಒಂದು ಸಾಲೂ ಇಲ್ಲ. ಆಟಿಸಂ ಇರುವವರಿಗೆ ಸಾಮಾನ್ಯವಾಗಿ ಯಾವುದಾದರೂ ಒಂದು ವಿಷಯದ ಮೇಲೆ ಬಲವಾದ ಆಸೆ ಇರುತ್ತದೆ. ಅದನ್ನು ಹುಚ್ಚು ಅಂತ ಬಿಡಿಸಲು ನೋಡುವವರೇ ಜಾಸ್ತಿ. ನಾನು ಅದನ್ನು ಗಟ್ಟಿ ನೆಲ ಅಂತ ನೋಡುತ್ತೇನೆ.

ಸಕಲೇಶಪುರ ಕಡೆಯ ಒಬ್ಬರ ಕತೆ ಹೇಳುತ್ತೇನೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಈಗ ಮೂವತ್ತರ ಹತ್ತಿರ. ಏಲಕ್ಕಿ ಜರಡಿ ಹಿಡಿದು ಗಾತ್ರದ ಮೇಲೆ ಬೇರೆ ಮಾಡುವ ಕೆಲಸ. ಹತ್ತನೇ ಕ್ಲಾಸು ಪಾಸಾಗಲಿಲ್ಲ. ಮಾತು ಕಡಿಮೆ. ಚಿಕ್ಕವರಿದ್ದಾಗ ಖುಷಿಯಾದರೂ ಭಯವಾದರೂ ಕೈ ಅಲ್ಲಾಡಿಸುತ್ತಿದ್ದರು, ಅಪ್ಪ ಕೈ ಮೇಲೆ ಹೊಡೆಯುತ್ತಿದ್ದರು. ಈಗ ಮನೆಯಲ್ಲಿ ಬೇಕಾದಷ್ಟು ಕೈ ಅಲ್ಲಾಡಿಸುತ್ತಾರೆ, ಯಾರೂ ತಡೆಯುವುದಿಲ್ಲ. ಹೊರಗೆ ಬಂದಾಗ ಮಾತ್ರ ಅಂಗಿ ಜೇಬಿನಲ್ಲಿ ಎರಡು ಕಾಫಿ ಬೀಜ ಇರುತ್ತದೆ. ಹುರಿದದ್ದಲ್ಲ, ಪಾರ್ಚ್‌ಮೆಂಟ್, ಮೇಲಿನ ಹೊಟ್ಟು ಇರುವುದು. ಒಂದು ದಿನ ನನ್ನ ಮೇಜಿನ ಮೇಲಿಟ್ಟು ತೋರಿಸಿದರು. ಬೀಜದ ಚಪ್ಪಟೆ ಬದಿಯಲ್ಲಿ ಗೀರು ಇರುತ್ತದಲ್ಲ, ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂರುತ್ತಾರೆ. ಹೊಟ್ಟು ಸವೆದು ನುಣುಪಾದರೆ ಬೀಜ ಬದಲಾಯಿಸುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು.

ಅವರಿಗೆ ಇಷ್ಟವಾದ ವಿಷಯ ಮಳೆ. ಹನ್ನೆರಡನೇ ವಯಸ್ಸಿನಿಂದ ದಿನ ಬೆಳಗ್ಗೆ ತೋಟದ ಮಳೆ ಮಾಪಕ ನೋಡಿ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತಾರೆ. ಒಂದು ದಿನವೂ ಬಿಟ್ಟಿಲ್ಲ. ಮೊದಮೊದಲು ಮನೆಯವರಿಗೆ ಅದು ಬೇಡದ ಕೆಲಸ. ಆದರೆ ಕಾಫಿಗೆ ಹೂಮಳೆ ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚು ಬಿತ್ತೋ ಅರ್ಧ ಇಂಚು ಬಿತ್ತೋ ಅನ್ನುವುದರ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಈಗ ಹೂಮಳೆ ಬಿದ್ದ ಮರುದಿನ ಸುತ್ತಮುತ್ತಲಿನ ಬೆಳೆಗಾರರು ಇವರಿಗೆ ಫೋನ್ ಮಾಡಿ 'ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತಪ್ಪಾ?' ಅಂತ ಕೇಳುತ್ತಾರೆ. ಫೋನ್ ಅಂದರೆ ಹೆದರುತ್ತಿದ್ದವರು ಆ ಫೋನುಗಳನ್ನು ಮಾತ್ರ ಎತ್ತುತ್ತಾರೆ. ಹಿಂದಿನ ಸಲ ನನ್ನ ಹತ್ತಿರ ಬಂದಾಗ 'ಏಳು ಜನ ಕೇಳಿದ್ರು' ಅಂದರು. ಅಷ್ಟು ನೆಟ್ಟಗೆ ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಅವತ್ತೇ. ನಿಮ್ಮ ಮಳೆ ಪುಸ್ತಕ ಯಾವುದು? ಬಿಟ್ಟುಬಿಟ್ಟಿದ್ದರೆ ಮತ್ತೆ ತೆಗೆಯಿರಿ. ದಿನಕ್ಕೆ ಅರ್ಧ ಗಂಟೆಯಾದರೂ ಅದಕ್ಕೆ ಕೊಡಿ. ಜಮಾ ಕಡೆ ಬೀಳುವುದು ಹೆಚ್ಚಾಗಿ ಅದೇ.

ಅಮ್ಮನ ಬಗ್ಗೆ. ಅವರು ಯಾರಿಗೂ ಹೇಳಬೇಡ ಅನ್ನುವುದು ನಿಮ್ಮ ಮೇಲಿನ ನಾಚಿಕೆಯಿಂದ ಅಲ್ಲ, ಭಯದಿಂದ ಅಂತ ನನಗನ್ನಿಸುತ್ತದೆ. ಜೊತೆಗೆ 'ನಾನೇ ಏನೋ ತಪ್ಪು ಮಾಡಿದೆ' ಅಂತಲೂ ಇರಬಹುದು. ಹಿಂದೆ ಒಂದು ಕಾಲದಲ್ಲಿ ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು ಅಂತ ಗೊತ್ತಾಗಿ ದಶಕಗಳೇ ಆದವು. ಲಸಿಕೆಯಿಂದ ಬರುತ್ತೆ ಅನ್ನುವುದೂ ಸುಳ್ಳು. ಹಾಗೆ ಹೇಳಿದ 1998ರ ಬರಹವನ್ನು ಅದು ಬಂದ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಈ ಎರಡು ಮಾತನ್ನು ಅಮ್ಮನಿಗೆ ಓದಿ ಹೇಳಿ. ಬೇರೆ ಏನು ಹೇಳುವುದಕ್ಕೂ ಮುಂಚೆ ಇದನ್ನು ಹೇಳಿ.

ಎಲ್ಲರಿಗೂ ಹೇಳಬೇಕು ಅಂತೇನಿಲ್ಲ. ಆದರೆ ಯಾರಿಗೂ ಹೇಳದಿರುವುದು ನಿಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲ. ಮನೆಯ ಹೊರಗೆ ಒಬ್ಬರಿಗಾದರೂ ಗೊತ್ತಿರಲಿ, ಅವರ ಎದುರು ನಟಿಸಬೇಕಾಗಿಲ್ಲ ಅನ್ನುವ ಹಾಗಿರಲಿ. ಬಾಗಿಲಲ್ಲಿ ಗಾಬರಿಯಾದ ಆ ಅಕ್ಕ ಇದ್ದಾರಲ್ಲ, ಗಾಬರಿಯಾದ ಮೇಲೆ ಏನು ಮಾಡಿದರು ಅಂತ ನೀವು ಬರೆದಿಲ್ಲ. ಒಳಗೆ ಕರೆದು ಕಾಫಿ ಕೊಟ್ಟಿದ್ದರೆ ಅವರಿಂದಲೇ ಶುರು ಮಾಡಬಹುದು.

ಗಂಡು ನೋಡುವ ವಿಚಾರದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಮದುವೆಯಾಗಬೇಕೋ ಬೇಡವೋ ಅನ್ನುವುದು ನಿಮ್ಮ ಇಷ್ಟ. ಆಗುವುದಾದರೆ ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ಹೇಳಿ, ನೀವೇ ಹೇಳಿ. ಅವನ ಚಿಕ್ಕಪ್ಪ ದೊಡ್ಡಪ್ಪಂದಿರಿಗೆಲ್ಲ ಹೇಳಬೇಕಿಲ್ಲ. 'ಆಟಿಸಂ' ಅನ್ನುವ ಪದಕ್ಕಿಂತ ಮೊದಲು ದಿನದ ಬದುಕು ಹೇಳಿ: ಗದ್ದಲದಲ್ಲಿ ಇರೋಕಾಗಲ್ಲ, ದಿನಕ್ಕೆ ಒಂದು ಗಂಟೆ ಒಬ್ಬಳೇ ಇರಬೇಕು, ಮಾತನ್ನು ನೇರವಾಗಿ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತೆ. ಮುಚ್ಚಿಟ್ಟು ಆದ ಮದುವೆಯಲ್ಲಿ ನೀವು ಹಗಲೂ ರಾತ್ರಿ ನಟಿಸಬೇಕಾಗುತ್ತದೆ. ಸಂಬಂಧ ತಪ್ಪಿಹೋಗುವ ಭಯಕ್ಕಿಂತ ಅದು ದೊಡ್ಡ ಕಷ್ಟ. ಮಕ್ಕಳಿಗೆ ಬರುತ್ತಾ ಅಂತ ಅವರು ಕೇಳಬಹುದು. ಬೇರೆಯವರಿಗಿಂತ ಸಾಧ್ಯತೆ ಜಾಸ್ತಿ, ಆದರೆ ಬಂದೇ ಬರುತ್ತೆ ಅಂತೇನಿಲ್ಲ. ಇದ್ದ ಹಾಗೆ ಹೇಳಿ.

ವಿಕಲಚೇತನರ ಸರ್ಟಿಫಿಕೇಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಇದೆ. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆಗೆ ಹೋಗಬೇಕು. ಅಲ್ಲಿ ಐಎಸ್ಎಎ ಎಂಬ 40 ಪ್ರಶ್ನೆಗಳ ಅಳತೆ ಬಳಸುತ್ತಾರೆ. ವಿಕಲತೆಯ ಪ್ರಮಾಣ ಶೇ. 40 ಅಥವಾ ಹೆಚ್ಚು ಅಂತ ಬಂದರೆ ಸರ್ಕಾರಿ ಕೆಲಸದ ಮೀಸಲಾತಿಯಂಥ ಸೌಲಭ್ಯಕ್ಕೆ ಅರ್ಹತೆ ಸಿಗುತ್ತದೆ. ಪರೀಕ್ಷೆಯ ದಿನ ಮಾತ್ರ ದಯವಿಟ್ಟು ನಟಿಸಬೇಡಿ, ಅಮ್ಮನನ್ನು ಕರೆದುಕೊಂಡು ಹೋಗಿ, ಚಿಕ್ಕಂದಿನ ವಿಷಯ ಅವರೇ ಹೇಳಲಿ. ಕಾರ್ಡು ಬೇಕೋ ಬೇಡವೋ ನಿಧಾನವಾಗಿ ಯೋಚಿಸಿ. ತೆಗೆದುಕೊಂಡರೆ ಅದನ್ನು ಎಲ್ಲರಿಗೂ ತೋರಿಸಲೇಬೇಕು ಅಂತಿಲ್ಲ.

ಪಕ್ಕದ ಮನೆಯ ಹುಡುಗನ ವಿಷಯದಲ್ಲಿ ತಡ ಮಾಡುವುದು ಬೇಡ. 'ಅವನ ಅಪ್ಪನಿಗೂ ತಡವಾಗಿ ಮಾತು ಬಂತು' ಅಂತ ಕಾಯುತ್ತಾ ಕೂತವರನ್ನು ತುಂಬಾ ನೋಡಿದ್ದೇನೆ. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ, ಎಲ್ಲಿ ಅಂತ ಕೇಳಲಿ. ಮೊದಲು ಕಿವಿ ಪರೀಕ್ಷೆ ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬಂದರೆ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಿಕೊಡುತ್ತಾರೆ. ಅಲ್ಲಿಯವರೆಗೆ ಚಿತ್ರದ ಕಾರ್ಡು ಶುರು ಮಾಡಲಿ. 'ನೀರು', 'ಅನ್ನ', 'ಹೊರಗೆ', 'ಸಾಕು'. ನಾಲ್ಕು ಚಿತ್ರ, ಅವನ ಕೈಗೆ ಎಟುಕುವ ಗೋಡೆಯ ಮೇಲೆ. ಚಿತ್ರ ಕೊಟ್ಟರೆ ಮಾತು ಬರುವುದೇ ಇಲ್ಲ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಶಾಲೆಗೆ ಸೇರಿಸುವಾಗ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರನ್ನು ಕಾಣಲಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿಗಳಿಗೆ ಅವರೇ ನೆರವಾಗುತ್ತಾರೆ. ಸರ್ಟಿಫಿಕೇಟ್ ಆದ ಮೇಲೆ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆ ಮಾಡಿಸಲಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಮತ್ತೆ, ನಿಮಗೆ ಆಗುವುದಾದರೆ ಆ ಮಗುವಿನ ಪಕ್ಕ ಆಗಾಗ ಸುಮ್ನೆ ಹೋಗಿ ಕೂರಿ. ಅವನ ಕಿವಿಗೆ ಏನು ಚುಚ್ಚುತ್ತದೆ ಅಂತ ಆ ಮನೆಯವರಿಗಿಂತ ಮೊದಲು ನಿಮಗೇ ಗೊತ್ತಾಗಬಹುದು.

ಕೊನೆಯದಾಗಿ ಮಾರ್ಚ್. ಕೌಂಟರಿನ ಮುಂದೆ ಸಾಲು, ಒಬ್ಬರು ಸಾಲ ಕಟ್ಟುತ್ತಾರೆ, ಇನ್ನೊಬ್ಬರು ಬಡ್ಡಿ ಕೇಳುತ್ತಾರೆ, ಫೋನ್ ಬಡಿಯುತ್ತದೆ, ಪ್ರಿಂಟರ್ ಕಿರುಚುತ್ತದೆ. ಇದನ್ನು ಹಲ್ಲು ಕಚ್ಚಿ ಸಹಿಸುವ ಪ್ರಯತ್ನ ನಾಲ್ಕು ವರ್ಷ ಮಾಡಿದ್ದೀರಿ. ಈ ಸಲ ಕೇಳಿ ನೋಡಿ. ಬಾಯಲ್ಲಿ ಹೇಳಲು ಕಷ್ಟವಾಗುತ್ತದೆ, ಅದಕ್ಕೇ ಬರೆದು ಕೊಡಿ. ನಾನು ಹೀಗೆ ಬರೆಯುತ್ತಿದ್ದೆ:

'ಸಾರ್, ಗಲಾಟೆಯಲ್ಲಿ ನನಗೆ ತಲೆ ಭಾರವಾಗಿ ಕೆಲಸ ನಿಧಾನವಾಗುತ್ತದೆ. ಈ ಮಾರ್ಚ್‌ನಲ್ಲಿ ನನ್ನನ್ನು ಕೌಂಟರಿನ ಬದಲು ಹಿಂದಿನ ಮೇಜಿನಲ್ಲಿ ಕೂರಿಸಿ. ರಸೀದಿ, ಖಾತೆ ತಾಳೆ ಹಾಕುವುದು, ದಿನದ ಲೆಕ್ಕ ಮುಗಿಸುವುದು ಎಲ್ಲ ನಾನೇ ಮಾಡುತ್ತೇನೆ. ಹೇಳುವುದೇನಿದ್ದರೂ ಚೀಟಿಯಲ್ಲೋ ವಾಟ್ಸಾಪ್‌ನಲ್ಲೋ ಬರೆದು ಹಾಕಿದರೆ ಮರೆಯುವುದಿಲ್ಲ. ಮಧ್ಯಾಹ್ನ ಇಪ್ಪತ್ತು ನಿಮಿಷ ದಾಖಲೆ ಕೋಣೆಯಲ್ಲಿ ಒಬ್ಬಳೇ ಕೂರಲು ಅನುಮತಿ ಕೊಡಿ.'

ಇಷ್ಟು ಸಾಕು. ಇದರಲ್ಲಿ ಆಟಿಸಂ ಪದ ಬರಲೇಬೇಕು ಅಂತಿಲ್ಲ. ಅವರು ಕಾರಣ ಕೇಳಿದರೆ, ನಿಮಗೆ ಧೈರ್ಯ ಬಂದರೆ, ಆಗ ಹೇಳಿ. ಮೆಡಿಕಲ್ ಅಂಗಡಿಯಲ್ಲಿ ಕಿವಿಗೆ ಇಡುವ ಮೆತ್ತನೆಯ ಫೋಮ್ ಬಿರಡೆ ಸಿಗುತ್ತದೆ, ಎರಡು ಜೊತೆ ತಂದಿಟ್ಟುಕೊಳ್ಳಿ. ಪತ್ರವನ್ನು ಮಾತ್ರ ಫೆಬ್ರವರಿ ಮುಗಿಯುವುದರೊಳಗೆ ಕೊಡಿ. ಮಾರ್ಚ್ ಶುರುವಾದ ಮೇಲೆ ನಿಮ್ಮ ಸೆಕ್ರೆಟರಿಯವರಿಗೂ ಓದಲು ಪುರುಸೊತ್ತು ಇರುವುದಿಲ್ಲ.